ಐತಿಹಾಸಿಕ ಚಲಚ್ಚಿತ್ರಗಳಲ್ಲಿ ಬಣ್ಣದ ಆಧಾರ: ಲೇಪಾಕ್ಷಿಯ ಚಿತ್ರಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕೃಷ್ಣದೇವರಾಯನನ್ನು ಕುರಿತ ಚಲಚ್ಚಿತ್ರವೊಂದನ್ನು ನೋಡಿ ಬಂದ ವಿದ್ಯಾರ್ಥಿಯನ್ನು ‘ರಾಯನು ಹೇಗಿದ್ದನು?’ ಎಂದು ಕೇಳಿದರೆ ಅವನು ತಡಮಾಡದೆ ಉತ್ತರ ಕೊಡುತ್ತಾನೆ. ಕಿರೀಟದ ಆಕಾರ, ಅಂಗಿಯ ಬಣ್ಣ, ಸಿಂಹಾಸನದ ಹಿಂದೆ ಇಳಿಬಿಟ್ಟ ಪರದೆಯ ಕೆಂಪು, ಎಲ್ಲವೂ ಅವನಿಗೆ ಗೊತ್ತು. ಪಠ್ಯಪುಸ್ತಕವಾದರೋ ಇಂತಹ ಪ್ರಶ್ನೆಗೆ ಮೌನವಾಗಿದೆ. ಅದು ಪಟ್ಟಾಭಿಷೇಕದ ವರ್ಷವನ್ನೂ ಯುದ್ಧಗಳ ಪಟ್ಟಿಯನ್ನೂ ಕೊಡುತ್ತದೆ. ರಾಜನು ಏನು ಉಟ್ಟಿದ್ದನೆಂದು ಹೇಳುವುದಿಲ್ಲ. ಪಠ್ಯವು ಖಾಲಿ ಬಿಟ್ಟ ಜಾಗದಲ್ಲಿ ಚಲಚ್ಚಿತ್ರವು ಬಣ್ಣ ತುಂಬುತ್ತದೆ. ಒಮ್ಮೆ ಮನಸ್ಸಿಗಿಳಿದ ಆ ಬಣ್ಣವು ಮುಂದೆ ಎಷ್ಟು ಪುಸ್ತಕ ಓದಿದರೂ ಅಷ್ಟು ಸುಲಭವಾಗಿ ಅಳಿಯುವುದಿಲ್ಲ.

ಗಡಿನಾಡಿನ ಶಾಲೆಗಳಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ನಮ್ಮ ಮಕ್ಕಳು ಓದುವ ಇತಿಹಾಸವು ಆಯಾ ರಾಜ್ಯದ ಪಠ್ಯಕ್ರಮಕ್ಕೆ ಸೇರಿದುದು. ಕನ್ನಡ ನಾಡನ್ನಾಳಿದ ಅರಸರ ಪರಿಚಯವು ಅವರಿಗೆ ಬಹುಮಟ್ಟಿಗೆ ದೊರೆಯುವುದು ಮನೆಯ ಹಿರಿಯರ ಮಾತಿನಿಂದ, ಹಬ್ಬದ ನಾಟಕದಿಂದ, ಹಾಗೂ ಇಂದು ಕೈಯಲ್ಲಿರುವ ಫೋನಿನಲ್ಲಿಯೂ ಕಾಣಸಿಗುವ ಚಲಚ್ಚಿತ್ರದಿಂದ. ಆದುದರಿಂದ ಚಲಚ್ಚಿತ್ರದ ಕಲಾ ನಿರ್ದೇಶಕನು ನಮ್ಮ ತರಗತಿಯಲ್ಲಿ ಒಬ್ಬ ಅಘೋಷಿತ ಉಪಾಧ್ಯಾಯನೇ ಸರಿ. ಅವನ ಬಣ್ಣಗಳಿಗೆ ಆಧಾರವೇನು, ಅದನ್ನು ಪರೀಕ್ಷಿಸುವ ಬಗೆ ಹೇಗೆ ಎಂಬುದನ್ನು ಈ ಲೇಖನದಲ್ಲಿ ಸ್ಥೂಲವಾಗಿ ವಿವೇಚಿಸಲು ಯತ್ನಿಸಿದ್ದೇವೆ. ಮೊದಲು ಚಲಚ್ಚಿತ್ರದಲ್ಲಿ ಬಣ್ಣವು ಹೇಗೆ ಕೆಲಸ ಮಾಡುತ್ತದೆಂದು ನೋಡಿ, ಅನಂತರ ವಿಜಯನಗರದ ಕಾಲವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಆ ಕಾಲದ ಬಣ್ಣಕ್ಕೆ ಮುಖ್ಯ ಸಾಕ್ಷಿಗಳಲ್ಲೊಂದು ಗಡಿಯ ಈಚೆಗೆ, ನಮ್ಮ ಮಡಕಶಿರ-ಹಿಂದೂಪುರ ಸೀಮೆಯಲ್ಲಿಯೇ ಇದೆ.

ಕಪ್ಪು-ಬಿಳುಪಿನ ಕಾಲ

ಕಪ್ಪು-ಬಿಳುಪಿನ ಚಿತ್ರಗಳಲ್ಲಿ ಬಣ್ಣವೇ ಇರಲಿಲ್ಲವೆಂದು ತಿಳಿಯುವುದು ತಪ್ಪು. ಸೆಟ್ಟಿನಲ್ಲಿ ಬಣ್ಣಗಳಿದ್ದವು, ಆದರೆ ಅವು ತೆರೆಯ ಮೇಲೆ ಬೂದಿಬಣ್ಣದ ಮೆಟ್ಟಿಲುಗಳಾಗಿ ಕಾಣುತ್ತಿದ್ದವು. ಮೊದಮೊದಲಿನ ಫಿಲ್ಮಿಗೆ ಕೆಂಪು ತಾಗುತ್ತಿರಲಿಲ್ಲ. ಅದರಲ್ಲಿ ಕೆಂಪು ಸೀರೆ ಕಪ್ಪಾಗಿ, ನೀಲಿ ಆಕಾಶ ಬೆಳ್ಳಗೆ ಬರುತ್ತಿತ್ತು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮು 1920ರ ದಶಕದಲ್ಲಿ ಬಳಕೆಗೆ ಬಂದ ಮೇಲೂ ಕಲಾ ನಿರ್ದೇಶಕನ ಲೆಕ್ಕವು ಬೇರೆಯೇ ಆಗಿತ್ತು. ಅಪ್ಪಟ ಬಿಳಿಯ ಬಟ್ಟೆ ದೀಪದ ಬೆಳಕಿಗೆ ಕಣ್ಣು ಕೋರೈಸುವುದರಿಂದ ಅದನ್ನು ತಿಳಿಹಳದಿಗೋ ಚಹಾದ ಬಣ್ಣಕ್ಕೋ ಅದ್ದಿ ತೊಡಿಸುತ್ತಿದ್ದರು. ಎರಡು ಬೇರೆ ಬಣ್ಣಗಳು ಒಂದೇ ಬೂದಿಯಾಗಿ ಬರುವಂತಿದ್ದರೆ ಅವುಗಳಲ್ಲಿ ಒಂದನ್ನು ಬದಲಿಸುತ್ತಿದ್ದರು. ಆ ಅಂಗಿ ಐತಿಹಾಸಿಕವಾಗಿ ಯಾವ ಬಣ್ಣದ್ದಾಗಿತ್ತೆಂಬ ಪ್ರಶ್ನೆ ಅಲ್ಲಿ ಏಳುತ್ತಲೇ ಇರಲಿಲ್ಲ. ನಮ್ಮ ‘ರಣಧೀರ ಕಂಠೀರವ’ (1960), ‘ಕಿತ್ತೂರು ಚೆನ್ನಮ್ಮ’ (1961), ‘ಇಮ್ಮಡಿ ಪುಲಿಕೇಶಿ’ (1967) ಇವೆಲ್ಲ ಈ ವರ್ಗದವು. ಅವುಗಳಲ್ಲಿ ಬಣ್ಣವನ್ನು ಪ್ರೇಕ್ಷಕನು ತನ್ನ ಮನಸ್ಸಿನಲ್ಲಿಯೇ ತುಂಬಿಕೊಳ್ಳಬೇಕಾಗಿತ್ತು.

ಕಪ್ಪು-ಬಿಳುಪಿನಿಂದ ಬಣ್ಣಕ್ಕೆ ದಾಟುವ ಹೊಸ್ತಿಲಿನ ಮೇಲೆ ನಿಂತ ಚಿತ್ರ ಕೆ. ಆಸಿಫರ ಹಿಂದಿಯ ‘ಮುಘಲ್-ಎ-ಆಜಂ’ (1960). ಇದರ ಬಹುಭಾಗವು ಕಪ್ಪು-ಬಿಳುಪಿನಲ್ಲಿದ್ದು, ಶೀಶ್ ಮಹಲಿನ ನೃತ್ಯಗೀತೆ ಮುಂತಾದ ಕೆಲವು ಭಾಗಗಳು ಮಾತ್ರ ಬಣ್ಣದಲ್ಲಿದ್ದವು. ಕಲಾ ನಿರ್ದೇಶಕ ಎಂ.ಕೆ. ಸೈಯದ್ ನಿರ್ಮಿಸಿದ ಆ ಕನ್ನಡಿಯ ಮಹಲಿಗೆ ಎರಡು ವರ್ಷ ಹಿಡಿಯಿತೆಂದು ಪ್ರಸಿದ್ಧಿಯಿದೆ. ಸಾವಿರಾರು ಗಾಜಿನ ಚೂರುಗಳು ದೀಪದ ಬೆಳಕನ್ನು ಕ್ಯಾಮರಾದ ಕಣ್ಣಿಗೇ ಹಿಂದಿರುಗಿಸುತ್ತಿದ್ದುದರಿಂದ ಛಾಯಾಗ್ರಾಹಕ ಆರ್.ಡಿ. ಮಾಥುರ್ ನೇರ ಬೆಳಕನ್ನು ಬಿಟ್ಟು, ಬಟ್ಟೆಯ ಮೇಲೆ ಬಿದ್ದು ಮರಳಿದ ಬೆಳಕಿನಲ್ಲಿ ಚಿತ್ರೀಕರಿಸಿದರು. ಕೆಲಸಗಾರಿಕೆಯ ದೃಷ್ಟಿಯಿಂದ ಇದು ಅಸಾಧಾರಣ ಸಾಧನೆ. ಆದರೆ ಇತಿಹಾಸದ ಉಪಾಧ್ಯಾಯನು ಇಲ್ಲೊಂದು ಪ್ರಶ್ನೆ ಹಾಕಬಹುದು. ಈ ಸೆಟ್ಟಿಗೆ ಮಾದರಿಯಾದುದು ಲಾಹೋರ್ ಕೋಟೆಯ ಶೀಶ್ ಮಹಲ್. ಅದನ್ನು ಕಟ್ಟಿಸಿದವನು ಷಾಜಹಾನ್, ಕಾಲ 1631-32. ಚಿತ್ರದ ಅಕ್ಬರನು ತೀರಿಕೊಂಡುದು 1605ರಲ್ಲಿ. ಮೊಮ್ಮಗನ ಮನೆಯಲ್ಲಿ ಅಜ್ಜನ ಆಸ್ಥಾನ ನಡೆದಂತಾಯಿತು! 2004ರಲ್ಲಿ ಇಡೀ ಚಿತ್ರಕ್ಕೆ ಯಂತ್ರದ ನೆರವಿನಿಂದ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಇಂದಿನ ಹುಡುಗನು ಆ ಪ್ರತಿಯನ್ನು ನೋಡಿದರೆ ಅವನ ಕಣ್ಣಿಗೆ ಬೀಳುವ ಬಣ್ಣಗಳಲ್ಲಿ ಹೆಚ್ಚಿನವು 2004ರ ತಂತ್ರಜ್ಞರ ಆಯ್ಕೆ. ಅವು ಅಕ್ಬರನ ಕಾಲದವೆಂದಾಗಲಿ, ಆಸಿಫರು ಆರಿಸಿದವೆಂದಾಗಲಿ ಹೇಳಲು ಬರುವುದಿಲ್ಲ.

ಬಣ್ಣ ಬಂದ ಮೇಲೆ

1932ರಲ್ಲಿ ಬಂದ ಮೂರು ಪಟ್ಟಿಯ ಟೆಕ್ನಿಕಲರ್ ವಿಧಾನದಲ್ಲಿ ಕ್ಯಾಮರಾದೊಳಗೆ ಹೊಕ್ಕ ಬೆಳಕನ್ನು ಸೀಳಿ, ಕೆಂಪು, ಹಸಿರು, ನೀಲಿಗಳನ್ನು ಮೂರು ಬೇರೆ ಬೇರೆ ಫಿಲ್ಮುಗಳಲ್ಲಿ ದಾಖಲಿಸುತ್ತಿದ್ದರು. ಕ್ಯಾಮರಾ ಭಾರ, ವೆಚ್ಚವೂ ಭಾರ. ಸೊಹ್ರಾಬ್ ಮೋದಿಯವರ ‘ಝಾನ್ಸಿ ಕೀ ರಾಣಿ’ (1953) ಭಾರತದಲ್ಲಿ ಟೆಕ್ನಿಕಲರಿನ ದೊಡ್ಡ ಸಾಹಸ. ಅಷ್ಟರಲ್ಲಿ, 1950ರಲ್ಲಿ, ಒಂದೇ ಪಟ್ಟಿಯಲ್ಲಿ ಮೂರು ಬಣ್ಣಗಳನ್ನೂ ಹಿಡಿಯುವ ಈಸ್ಟ್‌ಮನ್ ಕಲರ್ ಫಿಲ್ಮು ಬಂದಿತ್ತು. ಸಾಮಾನ್ಯ ಕ್ಯಾಮರಾದಲ್ಲಿಯೇ ಅದನ್ನು ಬಳಸಬಹುದಾದುದರಿಂದ ಏಷ್ಯಾದ ನಿರ್ಮಾಪಕರಿಗೂ ಬಣ್ಣದ ಬಾಗಿಲು ತೆರೆಯಿತು.

ಹೊಸದಾಗಿ ಕೈಗೆ ಬಂದ ಬಣ್ಣವನ್ನು ಹೇಗೆ ಬಳಸಬೇಕೆಂಬುದಕ್ಕೆ ಜಪಾನಿನ ‘ಜಿಗೊಕುಮೊನ್’, ಅಂದರೆ ‘ನರಕದ್ವಾರ’ (1953), ಇಂದಿಗೂ ಉತ್ತಮ ನಿದರ್ಶನ. ತೈನೊಸುಕೆ ಕಿನುಗಾಸಾ ನಿರ್ದೇಶಿಸಿದ ಈ ಚಿತ್ರದ ಕಥೆ 12ನೆಯ ಶತಮಾನದ ಹೇಜಿ ದಂಗೆಯ ಕಾಲದ್ದು. ವೇಷಭೂಷಣ ಮತ್ತು ಬಣ್ಣದ ಹೊಣೆಯನ್ನು ಹೊತ್ತವರು ಸಾನ್ಜೊ ವಾದಾ (1883-1967) ಎಂಬ ವರ್ಣಚಿತ್ರಕಾರರು. ಅವರು ಚಲಚ್ಚಿತ್ರಕ್ಕೆ ಬರುವ ಮೊದಲೇ, ಯಾವ ಬಣ್ಣದ ಪಕ್ಕದಲ್ಲಿ ಯಾವುದು ಹೊಂದುತ್ತದೆಂದು ತೋರಿಸುವ ಬಣ್ಣದ ಕೋಶಗಳನ್ನು 1930ರ ದಶಕದಲ್ಲಿ ಪ್ರಕಟಿಸಿದ್ದವರು. ಅವರ ಕೈಗೆ ಎರಡು ಆಸರೆಗಳಿದ್ದವು. ಒಂದು, ಅದೇ ದಂಗೆಯನ್ನು ಚಿತ್ರಿಸುವ 13ನೆಯ ಶತಮಾನದ ಸುರುಳಿಚಿತ್ರಗಳು. ಚಲಚ್ಚಿತ್ರವು ಆರಂಭವಾಗುವುದೇ ಸುರುಳಿಯೊಂದು ಬಿಚ್ಚಿಕೊಳ್ಳುವುದರಿಂದ. ಇನ್ನೊಂದು, ಋತುವಿಗೂ ಪದವಿಗೂ ತಕ್ಕಂತೆ ಪದರ ಪದರವಾಗಿ ಬಟ್ಟೆ ತೊಡುತ್ತಿದ್ದ ಜಪಾನಿನ ಆಸ್ಥಾನದ ಬಣ್ಣದ ಸಂಪ್ರದಾಯ.

ಇಷ್ಟಕ್ಕೇ ಅವರು ನಿಲ್ಲಲಿಲ್ಲ. ಆರಂಭದ ದಂಗೆಯ ದೃಶ್ಯದಲ್ಲಿ ಬಣ್ಣಗಳ ನೂಕುನುಗ್ಗಲಿದೆ; ಕೊನೆಯ ಇರುಳಿನ ದೃಶ್ಯದಲ್ಲಿ ಅವೆಲ್ಲ ಇಳಿದು ನೆರಳೂ ತಿಂಗಳ ಬೆಳಕೂ ಮಾತ್ರ ಉಳಿಯುತ್ತವೆ. ಬಣ್ಣದ ಮೂಲ ಇತಿಹಾಸದಲ್ಲಿದೆ, ಅದರ ಏರಿಳಿತ ಕಥೆಯಲ್ಲಿದೆ. 1954ರಲ್ಲಿ ಕಾನ್ ಚಿತ್ರೋತ್ಸವದ ಪರಮೋಚ್ಚ ಪ್ರಶಸ್ತಿಯೂ, 1955ರಲ್ಲಿ ವೇಷಭೂಷಣಕ್ಕಾಗಿ ವಾದಾ ಅವರಿಗೆ ಆಸ್ಕರ್ ಪ್ರಶಸ್ತಿಯೂ ಬಂದವು.

ಬಣ್ಣದೊಡನೆ ಬೆಳಕನ್ನೂ ಹೇಳಬೇಕು. ಎಣ್ಣೆಯ ದೀಪದಲ್ಲಿ ಕಂಡ ಕೆಂಪು ಬೇರೆ, ವಿದ್ಯುದ್ದೀಪದಲ್ಲಿ ಕಂಡ ಕೆಂಪು ಬೇರೆ. ಸ್ಟ್ಯಾನ್ಲಿ ಕುಬ್ರಿಕ್ ತನ್ನ ‘ಬ್ಯಾರಿ ಲಿಂಡನ್’ (1975) ಚಿತ್ರದಲ್ಲಿ 18ನೆಯ ಶತಮಾನದ ಯೂರೋಪಿನ ಒಳಮನೆಗಳನ್ನು ತೋರಿಸುವಾಗ ಹಲವು ದೃಶ್ಯಗಳನ್ನು ಮೇಣದ ಬತ್ತಿಯ ಬೆಳಕಿನಲ್ಲಿಯೇ ಚಿತ್ರೀಕರಿಸಿದನು. ಅದಕ್ಕೆಂದು ಅಮೆರಿಕದ ಬಾಹ್ಯಾಕಾಶ ಸಂಸ್ಥೆಗಾಗಿ ಝೈಸ್ ಕಂಪನಿ ತಯಾರಿಸಿದ್ದ, ಅತ್ಯಂತ ಮಂದ ಬೆಳಕನ್ನೂ ಹಿಡಿಯಬಲ್ಲ ಮಸೂರಗಳನ್ನು ಬಳಸಿದನು. ಆ ಬೆಳಕಿನಲ್ಲಿ ರೇಷ್ಮೆ ಹೊಳೆಯುವುದಿಲ್ಲ, ಮಿನುಗುತ್ತದೆ; ಗೋಡೆಗಳು ಕತ್ತಲೆಗೆ ಸರಿಯುತ್ತವೆ. ಹಳೆಯ ಅರಮನೆಯನ್ನು ಮೂಲೆ ಮೂಲೆಯಲ್ಲಿಯೂ ಬೆಳಗಿಸಿ ತೋರಿಸುವ ನಮ್ಮ ಚಿತ್ರಗಳ ಪದ್ಧತಿಯೊಡನೆ ಇದನ್ನು ಹೋಲಿಸಿ ನೋಡಬಹುದು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಹಳೆಯ ಈಸ್ಟ್‌ಮನ್ ಕಲರ್ ಪ್ರತಿಗಳಲ್ಲಿ ನೀಲಿಹಸಿರಿನ ಅಂಶವು ಮೊದಲು ಮಾಸುತ್ತದೆ. ಉಳಿದುದು ಗುಲಾಬಿಗೆ ತಿರುಗುತ್ತದೆ. ಐವತ್ತು ಅರವತ್ತು ವರ್ಷಗಳ ಹಿಂದಿನ ವರ್ಣಚಿತ್ರವೊಂದರ ಮಾಸಿದ ಪ್ರತಿಯನ್ನು ನೋಡಿ ಆ ಕಲಾ ನಿರ್ದೇಶಕನಿಗೆ ಬಣ್ಣದ ರುಚಿಯಿರಲಿಲ್ಲವೆಂದು ತೀರ್ಪು ಕೊಡುವುದು ನ್ಯಾಯವಲ್ಲ. ‘ನರಕದ್ವಾರ’ವೂ ಹೀಗೆ ಮಾಸಿದುದನ್ನು 2011ರಲ್ಲಿ ಜೀರ್ಣೋದ್ಧಾರ ಮಾಡಿದ ಮೇಲೆಯೇ ಅದರ ಮೊದಲಿನ ಸೊಬಗು ಮತ್ತೆ ಕಂಡಿತು.

ಕನ್ನಡದ ಐತಿಹಾಸಿಕ ವರ್ಣಚಿತ್ರಗಳು

ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ (1964). ಮುಂದೆ ಬಿ.ಆರ್. ಪಂತುಲು ಅವರ ‘ಶ್ರೀ ಕೃಷ್ಣದೇವರಾಯ’ (1970), ದೇವುಡು ಅವರ ಕಾದಂಬರಿಯನ್ನು ಆಧರಿಸಿದ ‘ಮಯೂರ’ (1975) ಬಂದವು. ಕನ್ನಡಿಗರ ಮನಸ್ಸಿನಲ್ಲಿ ಹೊಯ್ಸಳ, ವಿಜಯನಗರ, ಕದಂಬರ ಕಾಲಗಳಿಗೆ ರೂಪ ಕೊಟ್ಟ ಉಪಕಾರವು ಈ ಚಿತ್ರಗಳಿಗೆ ಸಲ್ಲಬೇಕು. ಆದರೆ ನಮ್ಮ ಐತಿಹಾಸಿಕ ಚಿತ್ರಗಳ ಬಣ್ಣದ ಪರಂಪರೆ ಎಲ್ಲಿಂದ ಬಂದಿತೆಂದು ನೋಡಿದರೆ ಅದರ ಬೇರು ಶಾಸನಗಳಲ್ಲಾಗಲಿ ಭಿತ್ತಿಚಿತ್ರಗಳಲ್ಲಾಗಲಿ ಅಷ್ಟಾಗಿ ಇಲ್ಲ. ಅದು ವೃತ್ತಿ ನಾಟಕ ಕಂಪನಿಗಳ ಮಖಮಲ್ಲು ಅಂಗಿ, ಜರತಾರಿ ಪಟ್ಟಿ, ಹೊಳೆಯುವ ಕಿರೀಟಗಳಿಂದ, ಹಾಗೂ ಮನೆಮನೆಯ ಗೋಡೆಯೇರಿದ ರವಿವರ್ಮನ ಮುದ್ರಿತ ಚಿತ್ರಗಳಿಂದ ಬಂದುದು. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಹಿಂದಿನ ಸಾಲಿನ ಪ್ರೇಕ್ಷಕನಿಗೂ ರಾಜನು ರಾಜನೆಂದು ತಿಳಿಯಲು ಕಂಪನಿಯವರಿಗೆ ಆ ಹೊಳಪು ಅವಶ್ಯವಾಗಿತ್ತು. ಕ್ಯಾಮರಾ ಹತ್ತಿರ ಬಂದ ಮೇಲೆ ಆ ಅವಶ್ಯಕತೆ ಉಳಿಯಲಿಲ್ಲ, ಅಭ್ಯಾಸ ಉಳಿಯಿತು.

ಈ ಅಭ್ಯಾಸದಿಂದ ಬಿಡಿಸಿಕೊಂಡ ಉದಾಹರಣೆಯೂ ನಮ್ಮಲ್ಲಿದೆ. ತ.ರಾ.ಸು. ಅವರ ಕಾದಂಬರಿಯನ್ನು ಆಧರಿಸಿ ಜಿ.ವಿ. ಅಯ್ಯರ್ ತೆಗೆದ ‘ಹಂಸಗೀತೆ’ (1975) ಚಿತ್ರದುರ್ಗದ ಸಂಗೀತಗಾರನೊಬ್ಬನ ಕಥೆ. ಕಲಾ ನಿರ್ದೇಶಕ ಪಿ. ಕೃಷ್ಣಮೂರ್ತಿಯವರು ಅಲ್ಲಿ ಕಲ್ಲು, ಮಣ್ಣು, ಹತ್ತಿಬಟ್ಟೆಗಳ ಬಣ್ಣವನ್ನೇ ಮುಂದಿಟ್ಟರು. ಮುಂದೆ ಅಯ್ಯರ್ ಅವರದೇ ‘ಮಧ್ವಾಚಾರ್ಯ’ ಚಿತ್ರಕ್ಕಾಗಿ ಅವರಿಗೆ ಕಲಾ ನಿರ್ದೇಶನದ ರಾಷ್ಟ್ರಪ್ರಶಸ್ತಿ ದೊರೆಯಿತು.

ಎಲ್ಲ ಕಾಲಕ್ಕೂ ಒಂದೇ ಬಗೆಯ ಆಧಾರ ಸಿಕ್ಕುವುದಿಲ್ಲವೆಂಬುದನ್ನು ಒಪ್ಪಬೇಕು. ಕದಂಬರ ಕಾಲದ ಆಸ್ಥಾನವನ್ನು ತೋರಿಸುವ ವರ್ಣಚಿತ್ರ ಉಳಿದಿಲ್ಲ; ತುಸು ಈಚಿನ ಅಜಂತೆಯೇ ದಿಕ್ಕು. ಬಾದಾಮಿ ಚಾಳುಕ್ಯರಿಗಾದರೆ 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಬಣ್ಣದ ಕೆಲವು ತುಣುಕುಗಳು ಉಳಿದಿವೆ. ಹೊಯ್ಸಳರ ಕಾಲಕ್ಕೆ ಮೂಡುಬಿದಿರೆಯ ಧವಲಾ ತಾಳೆಗರಿಗಳ ಮೇಲಿನ 12ನೆಯ ಶತಮಾನದ ಪುಟ್ಟ ಚಿತ್ರಗಳಿವೆ. ವಿಜಯನಗರಕ್ಕೆ ಬಂದಾಗ ಮಾತ್ರ ಸಾಕ್ಷ್ಯವು ಸಮೃದ್ಧವಾಗುತ್ತದೆ.

ವಿಜಯನಗರದ ಬಣ್ಣ: ಬರೆಹದ ಸಾಕ್ಷ್ಯ

ಹೆರಾತಿನ ದೊರೆ ಷಾರುಖನ ರಾಯಭಾರಿಯಾಗಿ 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಇಮ್ಮಡಿ ದೇವರಾಯನನ್ನು ಕಂಡ ಬಗೆಯನ್ನು ಬರೆದಿಟ್ಟಿದ್ದಾನೆ. ಅರಸನ ಕೊರಳಲ್ಲಿ ಮುತ್ತಿನ ಹಾರವಿತ್ತು. ಅವನು ತೊಟ್ಟುದು ‘ಜೈತೂನಿ’ ಸ್ಯಾಟಿನ್ನಿನ ಉಡುಪು. ಈ ಒಂದು ಶಬ್ದದ ಮೇಲೆ ಒಂದು ಬಣ್ಣವೇ ನಿಂತಿದೆ. ಜೈತೂನ್ ಎಂದರೆ ಆಲಿವ್ ಕಾಯಿ. ಆದುದರಿಂದ ಅದನ್ನು ಹಸಿರೆಂದು ಅನುವಾದಿಸಿದವರುಂಟು. ಆದರೆ ಜೈತೂನ್ ಎಂಬುದು ಚೀನಾದ ಪ್ರಸಿದ್ಧ ರೇವುಪಟ್ಟಣಕ್ಕೆ ಅರಬರು ಇಟ್ಟ ಹೆಸರೂ ಹೌದು. ಅಲ್ಲಿಂದ ಬಂದ ರೇಷ್ಮೆ ಜೈತೂನಿ. ಈ ಅರ್ಥವನ್ನು ಹಿಡಿದರೆ ದೇವರಾಯನ ಉಡುಪು ಚೀನಾದ ರೇಷ್ಮೆಯೆಂದಷ್ಟೇ ತಿಳಿಯುತ್ತದೆ, ಅದರ ಬಣ್ಣ ತಿಳಿಯುವುದಿಲ್ಲ. ಭಾಷೆಯ ಉಪಾಧ್ಯಾಯರಿಗೂ ಇತಿಹಾಸದ ಉಪಾಧ್ಯಾಯರಿಗೂ ಒಟ್ಟಿಗೆ ಕೆಲಸವಿರುವ ಜಾಗ ಇದು.

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಸುಮಾರು 1520ರಲ್ಲಿ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡವನು. ಅವನ ಬರೆಹವನ್ನು ಸೀವೆಲ್ಲರು 1900ರಲ್ಲಿ ಇಂಗ್ಲಿಷಿಗೆ ತಂದರು. ಅದರಂತೆ ರಾಯನ ಉಡುಪು ಬಿಳಿಯದು, ಅದರ ಮೇಲೆ ಚಿನ್ನದ ಎಳೆಯಲ್ಲಿ ನೇಯ್ದ ಗುಲಾಬಿಗಳು, ಕೊರಳಲ್ಲಿ ವಜ್ರದ ಆಭರಣ, ತಲೆಯ ಮೇಲೆ ಶಿರಸ್ತ್ರಾಣದ ಆಕಾರದ ಜರತಾರಿ ಟೊಪ್ಪಿಗೆ, ಕಾಲಿನಲ್ಲಿ ಪಾದರಕ್ಷೆಯಿಲ್ಲ. ಬಿಳುಪು ಮತ್ತು ಚಿನ್ನ, ಬರಿಗಾಲು. ನಾಟಕದ ಮಖಮಲ್ಲಿಗೂ ಈ ವರ್ಣನೆಗೂ ಇರುವ ದೂರವನ್ನು ಓದುಗರೇ ಅಳೆಯಬಹುದು. ತಿರುಮಲೆಯಲ್ಲಿ ತಿರುಮಲದೇವಿ ಚಿನ್ನಾದೇವಿಯರ ನಡುವೆ ಕೈಮುಗಿದು ನಿಂತಿರುವ ರಾಯನ ಲೋಹದ ಪ್ರತಿಮೆಯಲ್ಲಿಯೂ ತಲೆಯ ಮೇಲಿರುವುದು ಅದೇ ಬಗೆಯ ಎತ್ತರದ ಟೊಪ್ಪಿಗೆ. ಹಲವು ಶಿಖರಗಳ ಕಿರೀಟವಲ್ಲ.

ಲೇಪಾಕ್ಷಿಯ ಸಾಕ್ಷ್ಯ

ಬರೆಹವು ಹೇಳಿದುದನ್ನು ಕಣ್ಣಿಗೆ ಕಾಣಿಸುವುದು ಲೇಪಾಕ್ಷಿ. ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದಲ್ಲಿರುವ ಈ ಊರು ಇಂದು ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಇಲ್ಲಿನ ವೀರಭದ್ರ ದೇವಾಲಯವನ್ನು ಅಚ್ಯುತದೇವರಾಯನ ಆಳಿಕೆಯಲ್ಲಿ (1529-1542) ವಿರೂಪಣ್ಣ, ವೀರಣ್ಣ ಎಂಬ ಸಹೋದರರು ವಿಸ್ತರಿಸಿ ಕಟ್ಟಿಸಿದರು. ದೇವಾಲಯದಲ್ಲಿ ಕನ್ನಡ ಶಾಸನಗಳೂ ಇವೆ. ಮಂಟಪಗಳ ಮಾಡಿನ ಒಳಮೈಯಲ್ಲಿ ಸುಣ್ಣದ ಗಾರೆಯ ಮೇಲೆ ಬರೆದ ಚಿತ್ರಗಳು 16ನೆಯ ಶತಮಾನದ ದಕ್ಷಿಣ ಭಾರತದ ಉಡುಗೆತೊಡುಗೆಗೆ ತೆರೆದಿಟ್ಟ ಪುಸ್ತಕದಂತಿವೆ.

ಈ ಚಿತ್ರಗಳಲ್ಲಿ ಪುರಾಣ ಕಥೆಗಳ ಜೊತೆಗೆ ದೇವರಿಗೆ ನಮಿಸುತ್ತಿರುವ ಆ ಸಹೋದರರೂ ಅವರ ಪರಿವಾರವೂ ಇದೆ. ಪುರುಷರು ತೆಳುವಾದ ಬಿಳಿಯ ಬಟ್ಟೆ ತೊಟ್ಟು, ತಲೆಗೆ ಎತ್ತರದ ಮೊನೆಯಾದ ಟೊಪ್ಪಿಗೆ ಇಟ್ಟಿದ್ದಾರೆ. ಸ್ತ್ರೀಯರ ಸೀರೆಗಳಲ್ಲಿ ಗೀರು, ಚೌಕಳಿ, ಬುಟ್ಟ, ಹೂಬಳ್ಳಿಗಳ ವೈವಿಧ್ಯವು ಬೆರಗುಗೊಳಿಸುವಂತಿದೆ. ಹೊರಗಿನ ಲತಾಮಂಟಪದ ಕಂಬಗಳ ಮೇಲೂ ಇಂತಹ ವಿನ್ಯಾಸಗಳು ಕಲ್ಲಿನಲ್ಲಿ ಕೆತ್ತಲ್ಪಟ್ಟಿವೆ. ಬಣ್ಣಗಳಾದರೋ ಮಿತ: ಕಾವಿಯ ಕೆಂಪು, ಹಳದಿ, ಬಿಳುಪು, ಹಸಿರು, ರೇಖೆಗಳಿಗೆ ಕಪ್ಪು. ನೀಲಿ ಕಾಣುವುದು ತೀರ ಅಪರೂಪ.

ಇಲ್ಲಿ ಆತುರದ ನಿರ್ಣಯಕ್ಕೆ ಎಡೆಗೊಡಬಾರದು. ಲೇಪಾಕ್ಷಿಯ ಚಿತ್ರದಲ್ಲಿ ನೀಲಿಯಿಲ್ಲವೆಂದ ಮಾತ್ರಕ್ಕೆ ವಿಜಯನಗರದವರು ನೀಲಿ ಬಟ್ಟೆ ಉಡುತ್ತಿರಲಿಲ್ಲವೆಂದಾಗುವುದಿಲ್ಲ. ಗೋಡೆಯ ಬಣ್ಣ ಬರುವುದು ಹೆಚ್ಚಾಗಿ ಮಣ್ಣು ಕಲ್ಲುಗಳಿಂದ. ಬಟ್ಟೆಯ ಬಣ್ಣ ಬರುವುದು ಗಿಡ, ಬೇರು, ತೊಗಟೆ, ಅರಗುಗಳಿಂದ. ನೀಲಿ ಗಿಡದ ಬಣ್ಣಗಾರಿಕೆ ಭಾರತದಲ್ಲಿ ಬಹು ಪ್ರಾಚೀನವಾದುದು. ಚಿತ್ರಕಾರನ ಬಟ್ಟಲಿನಲ್ಲಿ ಇಲ್ಲದ ಬಣ್ಣವು ಬಣ್ಣಗಾರನ ಹರವಿಯಲ್ಲಿ ಇದ್ದಿರಬಹುದು. ಹಾಗೆಯೇ ಯಾವ ಚಿತ್ರವನ್ನು ಆಧಾರವಾಗಿ ಹಿಡಿಯುತ್ತೇವೆಂಬುದರಲ್ಲಿಯೂ ಎಚ್ಚರ ಬೇಕು. ಹಂಪೆಯ ವಿರೂಪಾಕ್ಷ ದೇವಾಲಯದ ಮಂಟಪದ ಚಿತ್ರಗಳನ್ನು ವಿಜಯನಗರ ಕಾಲದವೆಂದು ಬಹುಕಾಲ ನಂಬಲಾಗಿತ್ತು. ಅವು 19ನೆಯ ಶತಮಾನದವೆಂದು ಈಚಿನ ಸಂಶೋಧಕರು ವಾದಿಸಿದ್ದಾರೆ. ಅದನ್ನು ನೋಡಿ ರಾಯನಿಗೆ ಅಂಗಿ ಹೊಲಿಸಿದರೆ ಮುನ್ನೂರು ವರ್ಷಗಳ ತಪ್ಪಾದೀತು.

ಬಟ್ಟೆಯ ಬಣ್ಣವನ್ನು ಪರೀಕ್ಷಿಸಲು ಇನ್ನೊಂದು ಸರಳ ಸೂತ್ರವಿದೆ. ರಾಸಾಯನಿಕ ಬಣ್ಣಗಳ ಯುಗ ಆರಂಭವಾದುದು 1856ರಲ್ಲಿ, ಪರ್ಕಿನ್ ಎಂಬ ಇಂಗ್ಲಿಷ್ ತರುಣನು ನೇರಿಳೆಬಣ್ಣವೊಂದನ್ನು ಕಂಡುಹಿಡಿದಾಗ. ಮಂಜಿಷ್ಠದಂತಹ ಬೇರುಗಳ ಕೆಂಪಿನ ಮುಖ್ಯಾಂಶವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದುದು 1868ರಲ್ಲಿ. ಕೃತಕ ನೀಲಿ ಮಾರುಕಟ್ಟೆಗೆ ಬಂದುದು 1897ರಲ್ಲಿ. ಅದಕ್ಕೆ ಮುಂಚಿನ ಕಾಲದ ಕಥೆಯಲ್ಲಿ ನೀಲಿ, ಮಂಜಿಷ್ಠ, ಮಡ್ಡಿಬೇರು, ಅರಗು, ಅರಿಸಿನ, ದಾಳಿಂಬೆಯ ಸಿಪ್ಪೆ ಇವುಗಳಿಂದ ಬರುವ ಬಣ್ಣಗಳಿರಬಹುದು. ಅವು ಮಂಕಾಗಿಯೇ ಇರಬೇಕೆಂದೇನೂ ಇಲ್ಲ. ಪಟಿಕ ಹಾಕಿ ಹಿಡಿಸಿದ ಬೇರಿನ ಕೆಂಪು ಬಹಳ ಗಾಢವಾದುದು. ಆದರೆ ಕಣ್ಣು ಚುಚ್ಚುವ ಗುಲಾಬಿ, ಹೊಳೆಯುವ ಗಿಳಿಹಸಿರು ಕಂಡಾಗ ನಾವು ಅನುಮಾನಪಡಬಹುದು.

ಬಣ್ಣವೂ ಜನವೂ

ಇಷ್ಟು ಹೊತ್ತು ಹೇಳಿದುದು ಪಂಡಿತರ ಕುತೂಹಲದ ಮಾತೆಂದು ಯಾರಾದರೂ ತಿಳಿದಾರು. ಹಾಗಲ್ಲವೆಂಬುದಕ್ಕೆ ಆ ಎತ್ತರದ ಟೊಪ್ಪಿಗೆಯೇ ಸಾಕ್ಷಿ. ಅದರ ಹೆಸರು ಕುಲ್ಲಾಯಿ. ಅದು ‘ಕುಲಾಹ್’ ಎಂಬ ಪಾರಸಿ ಶಬ್ದದಿಂದ ಬಂದುದು. ಅದರ ಜೊತೆಗೆ ತೊಡುತ್ತಿದ್ದ ನಿಲುವಂಗಿ ಕಬಾಯಿ. ಅದು ‘ಕಬಾ’ ಎಂಬ ಅರಬ್ಬಿ ಶಬ್ದದಿಂದ. ನಮ್ಮ ಮನೆಗಳಲ್ಲಿ ಎಳೆಯ ಕೂಸಿನ ತಲೆಗೆ ಕಟ್ಟುವ ಕುಲಾವಿಯಲ್ಲಿ ಅದೇ ಶಬ್ದ ಇಂದಿಗೂ ಉಳಿದಿದೆ. ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸರು 1996ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ವಿಜಯನಗರದ ಅರಸರೂ ಅಧಿಕಾರಿಗಳೂ ಓಲಗದಲ್ಲಿ ಈ ಉಡುಪನ್ನು ಏಕೆ ತೊಟ್ಟರೆಂದು ವಿವರಿಸಿದ್ದಾರೆ. ಅರಬಸ್ಥಾನ, ಪಾರಸಿಕ, ದಖ್ಖಣಗಳ ಆಸ್ಥಾನಗಳಲ್ಲೆಲ್ಲ ಗೌರವದ ಉಡುಪಾಗಿದ್ದ ಅದನ್ನು ತೊಟ್ಟು, ಆ ವಿಶಾಲ ಜಗತ್ತಿನ ಅರಸರ ಸಾಲಿನಲ್ಲಿ ತಾವೂ ನಿಂತರು. ತಮ್ಮ ದೇವರನ್ನು ಬಿಡಲಿಲ್ಲ. ತಿರುಮಲೆಯ ಪ್ರತಿಮೆಯಲ್ಲಿ ರಾಯನು ಮೇಲ್ಮೈ ತೆರೆದು, ತಲೆಗೆ ಕುಲ್ಲಾಯಿ ಇಟ್ಟು, ವೆಂಕಟೇಶನ ಮುಂದೆ ನಿಂತಿದ್ದಾನೆ.

ಈಗ ಚಲಚ್ಚಿತ್ರಗಳ ರೂಢಿಯನ್ನು ನೋಡೋಣ. ಒಂದು ಪಕ್ಷದ ರಾಜನಿಗೆ ಕೇಸರಿ, ಚಿನ್ನ, ತುಂಬು ಬೆಳಕು. ಇನ್ನೊಂದು ಪಕ್ಷದ ಸುಲ್ತಾನನಿಗೆ ಕಡುಹಸಿರು ಅಥವಾ ಕಪ್ಪು, ಜೊತೆಗೆ ಹೊಗೆಗತ್ತಲು. ಸಂಜಯ್ ಲೀಲಾ ಭನ್ಸಾಲಿಯವರ ‘ಪದ್ಮಾವತ್’ (2018) ಚಿತ್ರದಲ್ಲಿ ಮೇವಾಡದ ಅರಮನೆಗೂ ಖಿಲ್ಜಿಯ ಪಾಳೆಯಕ್ಕೂ ಕೊಟ್ಟ ಬಣ್ಣದ ಭೇದವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾತಿನಲ್ಲಿ ಹೇಳಿದ್ದರೆ ಪ್ರೇಕ್ಷಕನು ಒಪ್ಪಬಹುದಿತ್ತು, ಬಿಡಬಹುದಿತ್ತು. ಬಣ್ಣದಲ್ಲಿ ಹೇಳಿದಾಗ ಅದು ವಾದವೆಂದೇ ತೋರುವುದಿಲ್ಲ. ಕತ್ತಲೆಯ ಭಯದಂತೆ ನೇರವಾಗಿ ಮನಸ್ಸಿಗೆ ಹೋಗುತ್ತದೆ. ಲೇಪಾಕ್ಷಿಯ ಮಾಡಿನ ಮೇಲೆ ಇರುವುದು ಬೇರೆ ಸಂಗತಿ. ವೀರಭದ್ರನ ಭಕ್ತನ ತಲೆಯ ಮೇಲೆ ಪಾರಸಿ ಹೆಸರಿನ ಟೊಪ್ಪಿಗೆಯಿದೆ, ಅವನ ಉಡುಪು ಬಿಳಿಯದಾಗಿದೆ. ನಾಲ್ಕಾರು ಭಾಷೆಯ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು ಓದುವ ನಮ್ಮ ಗಡಿನಾಡಿನ ಶಾಲೆಗಳಲ್ಲಿ ಈ ಚಿತ್ರವನ್ನು ತೋರಿಸುವುದರಿಂದ ಆಗುವ ಉಪಕಾರ ಸಣ್ಣದಲ್ಲ.

ಹಾಗೆಂದು ಕಲಾ ನಿರ್ದೇಶಕನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಚಲಚ್ಚಿತ್ರವು ವಸ್ತುಸಂಗ್ರಹಾಲಯವಲ್ಲ, ಅದು ಕಥೆ ಹೇಳಬೇಕು. ಸಾನ್ಜೊ ವಾದಾ ಅವರೂ ಸುರುಳಿಚಿತ್ರವನ್ನು ಹಾಗೆಯೇ ನಕಲು ಮಾಡಲಿಲ್ಲ. ಆದರೆ ಆಧಾರವನ್ನು ತಿಳಿದು ಬಿಡುವುದು ಬೇರೆ, ತಿಳಿಯದೆ ಬಿಡುವುದು ಬೇರೆ. ಮೊದಲನೆಯದು ಕಲೆಯ ಹಕ್ಕು. ಎರಡನೆಯದು ಬರಿಯ ರೂಢಿ.

ಶಾಲೆಗಳಲ್ಲಿ ಮಾಡಬಹುದಾದುದು

ಉಪಾಧ್ಯಾಯರು ಕೈಗೊಳ್ಳಬಹುದಾದ ಒಂದೆರಡು ಕೆಲಸಗಳನ್ನು ಸೂಚಿಸಬಯಸುತ್ತೇವೆ. ಐತಿಹಾಸಿಕ ಚಿತ್ರವೊಂದನ್ನು ಕುರಿತು ಮಕ್ಕಳೊಡನೆ ಮಾತನಾಡುವಾಗ ಮೂರು ಪ್ರಶ್ನೆಗಳನ್ನು ಕೇಳಬಹುದು. ಈ ಬಣ್ಣವನ್ನು ಆ ಕಾಲದಲ್ಲಿ ಯಾವುದರಿಂದ ತಯಾರಿಸುತ್ತಿದ್ದರು? ಈ ಉಡುಪನ್ನು ನೋಡಿದವರು ಯಾರಾದರೂ ಬರೆದಿಟ್ಟಿದ್ದಾರೆಯೆ, ಚಿತ್ರಿಸಿದ್ದಾರೆಯೆ? ಒಂದು ಪಕ್ಷದವರಿಗೆ ಒಂದು ಬಣ್ಣ, ಇನ್ನೊಂದು ಪಕ್ಷದವರಿಗೆ ಇನ್ನೊಂದು ಬಣ್ಣ ಕೊಟ್ಟಿದ್ದರೆ ಅದು ಇತಿಹಾಸವೋ, ನಿರ್ದೇಶಕನ ಇಷ್ಟವೋ? ಉತ್ತರ ಸಿಕ್ಕದಿದ್ದರೂ ಕೇಳುವ ಅಭ್ಯಾಸ ಬಂದರೆ ಸಾಕು.

ಎರಡನೆಯದಾಗಿ, ಶಾಲೆಯ ಪ್ರವಾಸದಲ್ಲಿ ಲೇಪಾಕ್ಷಿಗೆ ಹೋದಾಗ ಬಸವಣ್ಣನನ್ನೂ ತೂಗುವ ಕಂಬವನ್ನೂ ತೋರಿಸಿ ಹಿಂದಿರುಗುವುದು ವಾಡಿಕೆ. ಇನ್ನೊಂದು ಗಂಟೆ ನಿಂತು ಮಕ್ಕಳು ತಲೆಯೆತ್ತಿ ನೋಡುವಂತೆ ಮಾಡಬೇಕು. ಒಬ್ಬೊಬ್ಬರು ಒಂದೊಂದು ಸೀರೆಯ ಅಂಚನ್ನೋ ಟೊಪ್ಪಿಗೆಯ ಆಕಾರವನ್ನೋ ಪೆನ್ಸಿಲಿನಲ್ಲಿ ಬರೆದುಕೊಂಡು, ಪಕ್ಕದಲ್ಲಿ ಕಂಡ ಬಣ್ಣದ ಹೆಸರನ್ನು ಬರೆಯಲಿ. ತಮ್ಮ ಮನೆಮಾತಿನಲ್ಲಿ ಆ ಬಣ್ಣಕ್ಕೂ ಆ ವಿನ್ಯಾಸಕ್ಕೂ ಏನೆನ್ನುತ್ತಾರೆಂದು ಅಜ್ಜಿಯರನ್ನು ಕೇಳಿ ಸೇರಿಸಲಿ. ಬಣ್ಣಗಾರರ, ನೇಕಾರರ ಮನೆಗಳಿರುವ ಊರುಗಳಲ್ಲಿ ಇಂತಹ ಶಬ್ದಸಂಪತ್ತು ಇನ್ನೂ ಇದೆ. ಚಿತ್ರಗಳನ್ನು ಮುಟ್ಟಬಾರದು, ಫೋಟೋ ಚೆನ್ನಾಗಿ ಬರಲೆಂದು ನೀರು ಚಿಮುಕಿಸುವುದಂತೂ ಕೂಡದು. ದೇವಾಲಯವು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಲ್ಲಿನ ನಿಯಮಗಳನ್ನು ಮಕ್ಕಳಿಗೆ ಮೊದಲೇ ತಿಳಿಸಿರಬೇಕು.

ಐದು ಶತಮಾನಗಳ ಗಾಳಿ, ತೇವ, ದೀಪದ ಹೊಗೆಗಳಿಂದ ಈ ಚಿತ್ರಗಳು ಹಲವೆಡೆ ಕಪ್ಪಾಗಿವೆ, ಕೆಲವೆಡೆ ಗಾರೆಯೊಡನೆ ಉದುರಿವೆ. ಮಾಸಿದ ಫಿಲ್ಮಿಗಾದರೆ ಎಲ್ಲಿಯಾದರೂ ಇನ್ನೊಂದು ಪ್ರತಿ ಸಿಕ್ಕೀತು. ಗೋಡೆಗೆ ಎರಡನೆಯ ಪ್ರತಿಯಿಲ್ಲ. ಅದು ಇರುವಾಗಲೇ ನಮ್ಮ ಮಕ್ಕಳು ನೋಡಿ ಬರೆದುಕೊಂಡ ನೂರು ಪುಟಗಳು ಮುಂದಿನ ಕಲಾ ನಿರ್ದೇಶಕನೊಬ್ಬನ ಕೈಗೆ ತಲಪಿದರೆ, ರಾಯನು ಬಿಳಿಯ ಉಡುಪಿನಲ್ಲಿ ಬರಿಗಾಲಿನಲ್ಲಿ ತೆರೆಯ ಮೇಲೆ ನಡೆದು ಬಂದಾನು. ಗಡಿನಾಡಿನ ಉಪಾಧ್ಯಾಯ ಬಂಧುಗಳು ಈ ಕೆಲಸಕ್ಕೆ ಮನಸ್ಸು ಮಾಡಬೇಕೆಂದು ಕೋರುತ್ತೇವೆ.